ಓಂಡಿನಾ ವಲ್ಲಾಳ ಹೆಸರಿನಲ್ಲಿ ನಮ್ಮ ಮನೆಯ ಗುಂಪಿನಲ್ಲಿ ನಡೆದ ಜಗಳ

ಮೊದಲು ಆ ಫಾರ್ವರ್ಡ್ ಅನ್ನು ಬಂದ ಹಾಗೆಯೇ ಕೊಡುತ್ತೇನೆ. ಕಳುಹಿಸಿದವರು ಸಾಗರದ ಚಿಕ್ಕಮ್ಮ. ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಗುರುತು ಇತ್ತು.

“ಜಗತ್ತಿನ ಮೊಟ್ಟಮೊದಲ ಮಹಿಳಾ ಒಲಿಂಪಿಕ್ ಚಾಂಪಿಯನ್ ಯಾರು ಗೊತ್ತೇ? ಇಟಲಿಯ ಹರ್ಡಲ್ಸ್ ಓಟಗಾರ್ತಿ ಓಂಡಿನಾ ವಲ್ಲಾ! 1936ರಲ್ಲಿ ಬರ್ಲಿನ್‌ನಲ್ಲಿ ಬರಿಗಾಲಿನಲ್ಲಿ ಓಡಿ, ಎಲ್ಲರನ್ನೂ ಮಾರುದೂರ ಹಿಂದೆ ಹಾಕಿ ಚಿನ್ನ ಗೆದ್ದ ಧೀರೆ! ನಿಮ್ಮ ಮನೆಯ ಹೆಣ್ಣುಮಗುವನ್ನು ತಡೆಯುವವರಿಗೆ ಇದನ್ನು ತಪ್ಪದೆ ಕಳುಹಿಸಿ.”

ಕೊನೆಯ ಸಾಲು ಯಾರಿಗೆ ಎಂಬುದು ಗುಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಚಿಕ್ಕಮ್ಮನ ಮಗಳು ಪುಟ್ಟಿ ಒಂಬತ್ತನೇ ತರಗತಿ. ತಾಲ್ಲೂಕು ಮಟ್ಟದ ಹರ್ಡಲ್ಸ್‌ನಲ್ಲಿ ಗೆದ್ದು ಶಿವಮೊಗ್ಗದ ಜಿಲ್ಲಾ ಕ್ರೀಡಾಕೂಟಕ್ಕೆ ಹೋಗಬೇಕಾಗಿದೆ. ಹಿಂದಿನ ತಿಂಗಳು ಮನೆಯ ಗೃಹಪ್ರವೇಶದಲ್ಲಿ, ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು, “ಎಸ್ಸೆಸ್ಸೆಲ್ಸಿ ಹತ್ತಿರ ಬಂತು, ಇನ್ನು ಹಾರಾಟ ಸಾಕು” ಎಂದು ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ್ದರು. ಪುಟ್ಟಿ ಆಗ ಅದೇ ಪಂಕ್ತಿಯಲ್ಲಿ ಉಪ್ಪಿನಕಾಯಿ ಬಡಿಸುತ್ತಿದ್ದಳು.

ದೊಡ್ಡಪ್ಪ: ಈ ಸಂದೇಶ ಯಾರನ್ನು ಉದ್ದೇಶಿಸಿದ್ದು? ಹೆಸರು ಹೇಳಿಯೇ ಬರೆಯಬಹುದಿತ್ತು.

ಸಾಗರದ ಚಿಕ್ಕಮ್ಮ: ಭಾವ, ನನಗೆ ಬಂದದ್ದನ್ನು ಕಳುಹಿಸಿದೆ ಅಷ್ಟೆ. ನಿಮಗೆಂದು ಹೇಳಿದ್ದಲ್ಲ.

ಮೈಸೂರಿನ ಅಣ್ಣ: ಚಿಕ್ಕಮ್ಮ, ಇದರ ಮೂಲ ಯಾವುದು? ಮೊದಲ ಸಾಲೇ ತಪ್ಪು. 1900ರಲ್ಲೇ ಪ್ಯಾರಿಸ್‌ನಲ್ಲಿ ಇಂಗ್ಲೆಂಡಿನ ಷಾರ್ಲೆಟ್ ಕೂಪರ್ ಟೆನಿಸ್ ಗೆದ್ದಿದ್ದಾರೆ. ಅಥ್ಲೆಟಿಕ್ಸ್ ಮಾತ್ರ ಎಂದರೂ 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಹಿಳೆಯರು ಚಿನ್ನ ಗೆದ್ದಾಗಿದೆ. ಹೀಗಿರುವಾಗ 1936ರವರು ಮೊದಲಿಗರು ಆಗುವುದು ಹೇಗೆ?

ಸಾಗರದ ಚಿಕ್ಕಮ್ಮ: ನಾನು ಏನು ಕಳುಹಿಸಿದರೂ ನಿನಗೆ ಮೂಲ ಬೇಕು. ನಿನ್ನ ಅಪ್ಪ ನಿಂಬೆರಸದಿಂದ ಕಿಡ್ನಿ ಕಲ್ಲು ಕರಗುತ್ತದೆ ಎಂದು ಕಳುಹಿಸಿದಾಗ ಕೇಳಿದೆಯಾ?

ಮೈಸೂರಿನ ಅಣ್ಣ: ಆಗಲೂ ಕೇಳಿದ್ದೆ.

ದೊಡ್ಡಪ್ಪ: ಕೇಳಿದ್ದ. ಮೂವತ್ತು ಜನರ ಎದುರಿಗೆ ಹೆತ್ತ ತಂದೆಯನ್ನು ಕೇಳಿದ್ದ. ನಾನು ಅದನ್ನು ಮರೆತಿಲ್ಲ.

ಇಷ್ಟು ಹೊತ್ತಿಗೆ ವಲ್ಲಾ ಎಲ್ಲಿಗೋ ಹೋಗಿದ್ದಳು. ನನಗೆ ತಡೆಯಲಾಗಲಿಲ್ಲ. ಹಳೆಯ ಓಟಗಾರರ ಬದುಕನ್ನು ಹುಡುಕಿ ಓದುವುದು ನನ್ನ ಬಹಳ ಕಾಲದ ಹುಚ್ಚು. ಅದರಲ್ಲೂ ಬೊಲೊನ್ಯಾ ಊರಿನ ಈ ಹೆಂಗಸಿನ ಬಗ್ಗೆ ನನಗೆ ಅಪಾರ ಗೌರವ. ಅವಳನ್ನು ಹೊಗಳುವ ನೆಪದಲ್ಲಿ ಅವಳ ನಿಜವಾದ ಓಟವನ್ನೇ ಅಳಿಸಿ ಹಾಕಿದರೆ ಸುಮ್ಮನಿರುವುದು ನನ್ನಿಂದಾಗದು. ಹೀಗೆ ಬರೆದೆ:

“ಅಣ್ಣ ಹೇಳಿದ್ದು ಸರಿ, ವಲ್ಲಾ ಜಗತ್ತಿಗೆ ಮೊದಲಿಗಳಲ್ಲ. ಒಲಿಂಪಿಕ್ ಚಿನ್ನ ಗೆದ್ದ ಇಟಲಿಯ ಮೊದಲ ಮಹಿಳೆ. ಅದೇನು ಸಣ್ಣ ಮಾತೇ? ಅವಳ ನಂತರ ಅಥ್ಲೆಟಿಕ್ಸ್‌ನಲ್ಲಿ ಇಟಲಿಯ ಇನ್ನೊಬ್ಬ ಹೆಂಗಸಿಗೆ ಚಿನ್ನ ಬರುವುದಕ್ಕೆ 1980ರ ಮಾಸ್ಕೋದವರೆಗೆ, ಎತ್ತರ ಜಿಗಿತದ ಸಾರಾ ಸಿಮಿಯೋನಿವರೆಗೆ ಕಾಯಬೇಕಾಯಿತು. ಬರಿಗಾಲಿನ ಮಾತು ಕಟ್ಟುಕಥೆ, ಅವಳು ಮುಳ್ಳಿನ ಬೂಟು ತೊಟ್ಟೇ ಓಡಿದ್ದು. ಇನ್ನು ‘ಎಲ್ಲರನ್ನೂ ಮಾರುದೂರ ಹಿಂದೆ ಹಾಕಿ’ ಎಂಬುದಂತೂ ಪೂರ್ತಿ ಉಲ್ಟಾ. 1936ರ ಆಗಸ್ಟ್ 6ರಂದು ನಡೆದ 80 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಮೊದಲ ನಾಲ್ವರಿಗೂ ಗಡಿಯಾರ ತೋರಿಸಿದ್ದು ಒಂದೇ ಕಾಲ: 11.7 ಸೆಕೆಂಡ್. ಯಾರು ಗೆದ್ದರೆಂದು ಓಡಿದವರಿಗೇ ಗೊತ್ತಿರಲಿಲ್ಲ. ಗುರಿಗೆರೆಯಲ್ಲಿ ತೆಗೆದ ಚಿತ್ರ ನೋಡಿ ತೀರ್ಮಾನಿಸಿದರು. ಆ ಚಿತ್ರದ ಲೆಕ್ಕದಲ್ಲಿ ವಲ್ಲಾ 11.748, ಜರ್ಮನಿಯ ಆನಿ ಸ್ಟೋಯರ್ 11.809, ಕೆನಡಾದ ಬೆಟ್ಟಿ ಟೇಲರ್ 11.811, ಇಟಲಿಯವಳೇ ಆದ ಕ್ಲಾಡಿಯಾ ಟೆಸ್ಟೋನಿ 11.818. ಚಿನ್ನಕ್ಕೂ ನಾಲ್ಕನೇ ಸ್ಥಾನಕ್ಕೂ ನಡುವೆ ಇದ್ದದ್ದು ಅರ್ಧ ಮೀಟರ್ ಮಾತ್ರ.”

ಎಂಟು ಹರ್ಡಲ್‌ಗಳು, ಎತ್ತರ ಎರಡೂವರೆ ಅಡಿ. ಮೊದಲ ಹರ್ಡಲ್‌ಗೆ 12 ಮೀಟರ್, ಆಮೇಲೆ ಎಂಟೆಂಟು ಮೀಟರಿಗೆ ಒಂದೊಂದು, ಕೊನೆಯದನ್ನು ದಾಟಿದ ಮೇಲೆ ಗುರಿಗೆರೆಗೆ ಮತ್ತೆ 12 ಮೀಟರ್. ಇಷ್ಟು ಚಿಕ್ಕ ಓಟದಲ್ಲಿ ಒಂದು ಹೆಜ್ಜೆ ಅಳತೆ ತಪ್ಪಿದರೆ ಮತ್ತೆ ಸರಿಪಡಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಹಿಂದಿನ ದಿನ ಸೆಮಿಫೈನಲ್‌ನಲ್ಲಿ ವಲ್ಲಾ 11.6ರಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿದ್ದಳು. ಆಗ ಅವಳಿಗೆ ಇಪ್ಪತ್ತು ವರ್ಷ. ಇದನ್ನೂ ಬರೆದು ಕಳುಹಿಸಿದೆ. ಬಂದ ಉತ್ತರ ಇದು:

ಹೊಸನಗರದ ಭಾವ: ಹರ್ಡಲ್ಸ್ ಎಂದರೆ ನಮ್ಮ ಹೈಸ್ಕೂಲಿನ ಮೈದಾನ ನೆನಪಾಗುತ್ತದೆ. ಹರ್ಡಲ್ ಎಲ್ಲಿತ್ತು ಆಗ? ಎರಡು ಗೂಟ ನೆಟ್ಟು, ಮೇಲೆ ಅಡಿಕೆ ದಬ್ಬೆ ಇಟ್ಟು ಹಾರುತ್ತಿದ್ದೆವು. ದಬ್ಬೆ ಗಟ್ಟಿಯಾಗಿ ಕಟ್ಟಿದರೆ ಕಾಲು ಸಿಕ್ಕಿ ಮೂಗು ಒಡೆಯುತ್ತದೆ ಎಂದು ಡ್ರಿಲ್ ಮೇಷ್ಟ್ರು ಸುಮ್ಮನೆ ಇಡಿಸುತ್ತಿದ್ದರು. ಸೀಳು ಕೈಗೆ ಚುಚ್ಚಿದರೆ ತೆಗೆಯುವವರೆಗೆ ಅಳು. ಮಧ್ಯಾಹ್ನ ಗೋಣಿಚೀಲದ ಓಟ, ಚಮಚದಲ್ಲಿ ನಿಂಬೆಹಣ್ಣು, ಕೊನೆಗೆ ಅವಲಕ್ಕಿ ಬೆಲ್ಲ. ಆ ಕಾಲವೇ ಬೇರೆ.

ಇದಕ್ಕೆ ಹದಿನೈದು ಜನ ಹೃದಯದ ಚಿಹ್ನೆ ಒತ್ತಿದರು. ಯಾರೋ ಆ ಮೇಷ್ಟ್ರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿದರು. ಇನ್ನೊಬ್ಬರು ಅವಲಕ್ಕಿಗೆ ಬೆಲ್ಲವಲ್ಲ, ತೆಂಗಿನಕಾಯಿ ಸಕ್ಕರೆ ಎಂದು ತಿದ್ದಿದರು. ಸಂಜೆಯವರೆಗೆ ಅದೇ ನಡೆಯಿತು. ನಾನು ಬರೆದ ನಾಲ್ಕು ಹೆಸರುಗಳು ಮೇಲೆಲ್ಲೋ ಹೂತುಹೋದವು.

ದೀಪ ಹಚ್ಚುವ ಹೊತ್ತಿಗೆ ದೊಡ್ಡಪ್ಪ ಮತ್ತೆ ಬಂದರು. ಈ ಸಲ ಹುಡುಕಿಕೊಂಡೇ ಬಂದಿದ್ದರು.

ದೊಡ್ಡಪ್ಪ: ನೀವು ಹೇಳುವ ಆ ಹೆಂಗಸಿಗೆ ಬೆನ್ನುಮೂಳೆಯ ತೊಂದರೆ ಬಂದು ಓಟ ನಿಲ್ಲಿಸಬೇಕಾಯಿತು ಎಂದು ಈಗ ತಾನೇ ಓದಿದೆ. ಹಿರಿಯರು ಸುಮ್ಮನೆ ಹೇಳುವುದಿಲ್ಲ. ಹೆಣ್ಣುಮಕ್ಕಳ ಶರೀರಪ್ರಕೃತಿ ಬೇರೆ. ಆಟ ಬೇಡ ಎನ್ನುವುದಿಲ್ಲ, ಮಿತಿ ಇರಲಿ.

ಮೈಸೂರಿನ ಅಣ್ಣ: ಮೂಲ?

ದೊಡ್ಡಪ್ಪ: ಅಂತರ್ಜಾಲ. ನಿನಗೊಬ್ಬನಿಗೇ ಅಂತರ್ಜಾಲ ಇರುವುದಲ್ಲ.

ಬೆನ್ನಿನ ತೊಂದರೆ ನಿಜ. ಆದರೆ ಅರ್ಧ ಓದಿದರೆ ಹೀಗಾಗುತ್ತದೆ. ಉಳಿದರ್ಧವನ್ನು ನಾನು ಬರೆದೆ. ಬರ್ಲಿನ್ ನಂತರ 1937ರಲ್ಲಿ ಅವಳು 1.56 ಮೀಟರ್ ಎತ್ತರ ಜಿಗಿದು ಮಾಡಿದ ಇಟಲಿಯ ದಾಖಲೆ 1955ರವರೆಗೆ ಅಲುಗಲಿಲ್ಲ. ಮೂಳೆಯ ವೈದ್ಯರೊಬ್ಬರನ್ನು ಮದುವೆಯಾಗಿ ಲಾಕ್ವಿಲಾ ಎಂಬ ಊರಿನಲ್ಲಿ ನೆಲೆಸಿ, ಮಗನನ್ನು ಬೆಳೆಸಿ, 2006ರಲ್ಲಿ ತೀರಿಕೊಂಡಾಗ ಅವಳಿಗೆ ತೊಂಬತ್ತು ವರ್ಷ. ಹೆಣ್ಣಿನ ಶರೀರಕ್ಕೆ ಓಟ ಆಗದು ಎಂಬ ಮಾತಿಗೂ ಒಂದು ಚರಿತ್ರೆಯಿದೆ. 1928ರಲ್ಲಿ 800 ಮೀಟರ್ ಓಟ ಮುಗಿಸಿದ ಕೆಲವು ಮಹಿಳೆಯರು ದಣಿದು ನೆಲಕ್ಕೆ ಕುಸಿದರೆಂದು ಪತ್ರಿಕೆಗಳು ಬೊಬ್ಬೆ ಹಾಕಿದವು. ಅಷ್ಟಕ್ಕೇ ಆ ಓಟವನ್ನು ಮಹಿಳೆಯರ ಪಟ್ಟಿಯಿಂದ ತೆಗೆದರು, ಮತ್ತೆ ಸೇರಿಸಿದ್ದು 1960ರಲ್ಲಿ. ಓಡಿ ಬಂದ ಗಂಡಸರೂ ಗುರಿ ದಾಟಿ ಬೀಳುತ್ತಾರೆ. ಅದಕ್ಕೆ ಯಾರೂ ಗಂಡಸರ ಓಟ ನಿಲ್ಲಿಸಲಿಲ್ಲ.

ಮೈಸೂರಿನ ಅಣ್ಣ ಈಗ ನನ್ನ ಕಡೆಗೆ ತಿರುಗಿದ. ಅವನು ಯಾವ ಪಕ್ಷಕ್ಕೂ ಸೇರದವನು, ಎಲ್ಲರನ್ನೂ ಪ್ರಶ್ನಿಸುತ್ತಾನೆ. ಅವನ ಈ ಗುಣ ನನಗೆ ಇಷ್ಟ.

ಮೈಸೂರಿನ ಅಣ್ಣ: ಒಂದು ವಿಷಯ ನೀನು ಬಿಟ್ಟೆ. 1936ರ ಇಟಲಿ ಎಂದರೆ ಮುಸ್ಸೊಲಿನಿಯ ಇಟಲಿ. ಈಕೆಯ ಗೆಲುವನ್ನು ಫ್ಯಾಸಿಸ್ಟ್ ಸರ್ಕಾರ ತನ್ನ ಪ್ರಚಾರಕ್ಕೆ ಬಳಸಿಕೊಂಡಿತ್ತು. ಅಂಥವರನ್ನು ಹೊಗಳುವ ಮೊದಲು ಯೋಚಿಸಬೇಡವೇ?

ಅವನ ಮಾತು ಸುಳ್ಳಲ್ಲ. ಆರೋಗ್ಯವಂತ ಇಟಲಿಯ ಹೆಣ್ಣು ಹೀಗಿರುತ್ತಾಳೆ ಎಂದು ಆ ಸರ್ಕಾರ ಅವಳನ್ನು ಎತ್ತಿ ತೋರಿಸಿತು. ನನಗೆ ಸಿಟ್ಟು ಬರುವುದು ಅಲ್ಲಿಯೇ. ನಾಲ್ಕು ವರ್ಷ ಮೊದಲು ಅದೇ ದೇಶ ಅವಳನ್ನು ಹೇಗೆ ನಡೆಸಿಕೊಂಡಿತ್ತು? ಹದಿನಾಲ್ಕನೆಯ ವಯಸ್ಸಿಗೇ ಹಿರಿಯರ ತಂಡದಲ್ಲಿ ಇಟಲಿಯ ಪರವಾಗಿ ಓಡಿದ್ದ ಹುಡುಗಿ ಅವಳು. 1932ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹದಿನಾರರ ವಲ್ಲಾ ಹೋಗಬಹುದಿತ್ತು. ಆ ವರ್ಷವೇ ಮೊದಲ ಬಾರಿಗೆ ಮಹಿಳೆಯರ 80 ಮೀಟರ್ ಹರ್ಡಲ್ಸ್ ಇತ್ತು. ಅಮೆರಿಕದ ಬೇಬ್ ಡಿಡ್ರಿಕ್ಸನ್ 11.7ರಲ್ಲಿ ಗೆದ್ದಳು, ಎರಡನೆಯವಳಾದ ಎವೆಲಿನ್ ಹಾಲ್‌ಗೂ ಅದೇ 11.7. ವಲ್ಲಾ ಅಲ್ಲಿರಲಿಲ್ಲ. ಹಡಗಿನ ತುಂಬ ಗಂಡಸರಿರುತ್ತಾರೆ, ನೀನೊಬ್ಬಳೇ ಹೆಣ್ಣು, ಅದು ಸರಿಯಾಗುವುದಿಲ್ಲ ಎಂದು ಅವಳಿಗೆ ಹೇಳಿದ್ದರು. ಹಿಂದೆ ಇದ್ದದ್ದು ವ್ಯಾಟಿಕನ್‌ನ ವಿರೋಧ. ಹೆಣ್ಣುಮಕ್ಕಳು ಬಹಿರಂಗವಾಗಿ ಸ್ಪರ್ಧಿಸುವುದನ್ನು ಪೋಪ್ ಹನ್ನೊಂದನೇ ಪಯಸ್ 1928ರಲ್ಲೇ ಆಕ್ಷೇಪಿಸಿದ್ದರು. ಬೇಡದಾಗ ಹಡಗು ಹತ್ತಿಸಲಿಲ್ಲ, ಬೇಕಾದಾಗ ಭಿತ್ತಿಚಿತ್ರಕ್ಕೆ ಹತ್ತಿಸಿದರು. ಎರಡೂ ನಿರ್ಧಾರ ಅವಳದಲ್ಲ. ಅವಳದ್ದು ಆ ಎಂಟು ಹರ್ಡಲ್‌ಗಳು ಮಾತ್ರ, ಅವನ್ನು ಯಾವ ಸರ್ಕಾರವೂ ಅವಳ ಪರವಾಗಿ ಹಾರಲಿಲ್ಲ.

ಹೀಗೆಯೇ ಬರೆದು ಕಳುಹಿಸಿದೆ. ಸ್ವಲ್ಪ ಹೊತ್ತು ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತೆಯ ಹೆಸರಿನ ಕೆಳಗೆ ‘ಟೈಪ್ ಮಾಡುತ್ತಿದ್ದಾರೆ’ ಎಂದು ಕಾಣಿಸತೊಡಗಿತು. ಅತ್ತೆ, ಎಂದರೆ ಹೊಸನಗರದ ಭಾವನ ತಾಯಿ, ಗುಂಪಿನಲ್ಲಿ ಬೆಳಿಗ್ಗೆ ದಾಸವಾಳದ ಚಿತ್ರ ಹಾಕುವುದು ಬಿಟ್ಟರೆ ಇನ್ನೇನೂ ಬರೆಯುವವರಲ್ಲ.

ಅತ್ತೆ: ನನಗೂ ಇದನ್ನೇ ಹೇಳಿದ್ದರು. ಹಡಗಲ್ಲ, ಜೀಪು. ಶಾಲೆಯಿಂದ ಶಿವಮೊಗ್ಗಕ್ಕೆ ಎಂಟು ಹುಡುಗರು, ನಾನೊಬ್ಬಳೇ ಹುಡುಗಿ. ಉದ್ದ ಜಿಗಿತದಲ್ಲಿ ತಾಲ್ಲೂಕಿಗೆ ಮೊದಲು ಬಂದಿದ್ದೆ. ಅಪ್ಪಯ್ಯ ಪೂರ್ತಿ ಬೇಡವೆಂದಿರಲಿಲ್ಲ. ಅಣ್ಣ ಜೊತೆಗೆ ಹೋದರೆ ಹೋಗಿ ಬಾ ಎಂದಿದ್ದರು.

ಹೊಸನಗರದ ಭಾವ: ಅಮ್ಮ, ನೀನು ಜಿಗಿಯುತ್ತಿದ್ದೆಯಾ? ನನಗೆ ಒಮ್ಮೆಯೂ ಹೇಳಿಲ್ಲ.

ಅತ್ತೆ: ಯಾರೂ ಕೇಳಿರಲಿಲ್ಲ.

ದೊಡ್ಡಪ್ಪ: ಅದು ನಾಟಿಯ ಸಮಯ. ನಾನು ಬಿಟ್ಟು ಹೋಗುವ ಹಾಗಿರಲಿಲ್ಲ. ಐವತ್ತು ವರ್ಷದ ನಂತರ ಇದನ್ನು ಎಲ್ಲರ ಎದುರು ತೆಗೆಯಬೇಕಿತ್ತೇ?

ಅತ್ತೆ: ನಾಟಿ ಮುಗಿದಿತ್ತು ಅಣ್ಣಯ್ಯ. ನೀನು ಆ ದಿನ ಸಾಗರದಲ್ಲಿ ಸಿನಿಮಾ ನೋಡಿ ಬಂದೆ.

ಇಲ್ಲಿಂದ ಜಗಳ ಎಲ್ಲೆಲ್ಲಿಗೋ ಹೋಯಿತು. ಅಂದಿನ ಸಿನಿಮಾದ ಮಾತು ಪಾಲಿನ ದಿನದ ಹಿತ್ತಾಳೆ ಹಂಡೆಗೆ ಹತ್ತಿಕೊಂಡಿತು, ಹಂಡೆಯ ಮಾತು ಗೃಹಪ್ರವೇಶಕ್ಕೆ ಯಾರನ್ನು ಫೋನಿನಲ್ಲಿ ಕರೆದರು, ಯಾರನ್ನು ಮನೆಗೆ ಬಂದು ಕರೆದರು ಎಂಬುದಕ್ಕೆ. ಚಿಕ್ಕಪ್ಪ ಕೂಡ ಬಂದು, ಅಣ್ಣನಿಗೆ ಎದುರು ಮಾತಾಡುವ ಸಂಪ್ರದಾಯ ನಮ್ಮ ಮನೆಯಲ್ಲಿ ಇಲ್ಲ ಎಂದರು. ಅದನ್ನು ತಂಗಿಗೆ ಹೇಳಿದರೋ ತಮ್ಮ ಹೆಂಡತಿಗೆ ಹೇಳಿದರೋ ತಿಳಿಯದೆ ಇಬ್ಬರೂ ಉತ್ತರ ಕೊಟ್ಟರು. ದೊಡ್ಡಪ್ಪ ‘ಎಲ್ಲರಿಗೂ ಒಳ್ಳೆಯದಾಗಲಿ’ ಎಂದು ಬರೆದು ಗುಂಪಿನಿಂದ ಹೊರಗೆ ಹೋದರು. ಮೈಸೂರಿನ ಅಣ್ಣ ಅವರನ್ನು ಮತ್ತೆ ಸೇರಿಸಿದ. ತಾವಾಗಿ ಹೋದವರನ್ನು ಕೇಳದೆ ಸೇರಿಸುವುದು ತಪ್ಪು ಎಂದು ಅದಕ್ಕೂ ಬೈಸಿಕೊಂಡ.

ರಾತ್ರಿ ಚಿಕ್ಕಮ್ಮ ನನಗೆ ಬೇರೆಯಾಗಿ ಸಂದೇಶ ಕಳುಹಿಸಿದರು. ಆ ಫಾರ್ವರ್ಡ್ ತಪ್ಪಾದರೆ ಸರಿಯಾದದ್ದನ್ನು ಬರೆದುಕೊಡು, ನನ್ನ ಮಹಿಳಾ ಮಂಡಳಿಯ ಗುಂಪಿಗೂ ಅದನ್ನೇ ಹಾಕುತ್ತೇನೆ ಎಂದರು. ನಾನು ಸಂತೋಷದಿಂದ ಬರೆದುಕೊಟ್ಟೆ. ಅವರು ಓದಿ, “ಚೆನ್ನಾಗಿದೆ, ಆದರೆ ನಾಲ್ಕನೆಯವಳ ಕಥೆ ಯಾಕೆ? ಗೆದ್ದವಳದ್ದು ಸಾಕು. ಉದ್ದವಾದರೆ ಯಾರೂ ಓದುವುದಿಲ್ಲ” ಎಂದರು. ನಾನು ಒಪ್ಪಲಿಲ್ಲ. ಗೆದ್ದವಳನ್ನು ಒಬ್ಬಂಟಿಯಾಗಿ ಎತ್ತರದಲ್ಲಿ ನಿಲ್ಲಿಸಿದ್ದೇ ಆ ಫಾರ್ವರ್ಡ್ ಮಾಡಿದ ದೊಡ್ಡ ಅನ್ಯಾಯ. ವಲ್ಲಾ ಮತ್ತು ಟೆಸ್ಟೋನಿ ಒಂದೇ ಊರಿನವರು, ಒಂದೇ ವಾರಿಗೆಯವರು. ಶಾಲೆಯ ದಿನಗಳಿಂದ ಒಬ್ಬರನ್ನೊಬ್ಬರು ಸೋಲಿಸುತ್ತಲೇ ಬೆಳೆದವರು. ಪಕ್ಕದ ಸಾಲಿನಲ್ಲಿ ಟೆಸ್ಟೋನಿಯಂಥವಳು ಇಲ್ಲದಿದ್ದರೆ ವಲ್ಲಾ ಅಷ್ಟು ವೇಗ ಕಲಿಯುತ್ತಿದ್ದಳೇ? ಕಂಚಿಗೂ ಟೆಸ್ಟೋನಿಗೂ ನಡುವೆ ಇದ್ದದ್ದು ಸೆಕೆಂಡಿನ ಸಾವಿರದಲ್ಲಿ ಏಳು ಪಾಲು, ನೆಲದ ಮೇಲೆ ಅಳೆದರೆ ಐದು ಸೆಂಟಿಮೀಟರಿನ ಆಸುಪಾಸು.

“ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾಗೆ ಆದ ಹಾಗೆ” ಎಂದರು ಚಿಕ್ಕಮ್ಮ. ಅವರಿಗೆ ಆ 1984ರ ಸಂಕಟ ಇನ್ನೂ ಹಸಿಯಾಗಿದೆ. 400 ಮೀಟರ್ ಹರ್ಡಲ್ಸ್, ಉಷಾ 55.42, ಮೂರನೆಯ ರುಮೇನಿಯಾದವಳು 55.41. ನಾವು ಉಷಾಳ ನಾಲ್ಕನೇ ಸ್ಥಾನವನ್ನು ಮರೆಯದೆ ಎದೆಯಲ್ಲಿಟ್ಟುಕೊಂಡಿದ್ದೇವೆ, ಹಾಗಿರುವಾಗ ಟೆಸ್ಟೋನಿಯನ್ನು ಬಿಡಬೇಕು ಎಂದು ನಮಗೆ ಹೇಗೆ ಅನ್ನಿಸೀತು ಎಂದು ಕೇಳಿದೆ. ಅವರು ಒಪ್ಪಿದರು. ಪದಕದ ಕಥೆಯನ್ನೂ ಸೇರಿಸು ಎಂದರು: ವಲ್ಲಾಳ ಬರ್ಲಿನ್ ಚಿನ್ನ 1978ರಲ್ಲಿ ಕಳುವಾಯಿತು. 1984ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಇಟಲಿಯ ಪ್ರಿಮೊ ನೆಬಿಯೊಲೊ ಅದರ ಪ್ರತಿಕೃತಿ ಮಾಡಿಸಿ ಅವಳಿಗೆ ಕೊಟ್ಟರು. ಚಿಕ್ಕಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಬೇಸರವಾದದ್ದು ಈ ಕಳ್ಳತನಕ್ಕೆ.

ತಿದ್ದಿದ ಬರಹವನ್ನು ಮರುದಿನ ಬೆಳಿಗ್ಗೆ ಮನೆಯ ಗುಂಪಿಗೂ ಹಾಕಿದರು. ದೊಡ್ಡಪ್ಪ ಓದಿದರು, ನೀಲಿ ಗುರುತು ಬಿತ್ತು, ಉತ್ತರ ಬರಲಿಲ್ಲ. ಮೈಸೂರಿನ ಅಣ್ಣ 1955ರವರೆಗೆ ಉಳಿದ ಎತ್ತರ ಜಿಗಿತದ ದಾಖಲೆಗೆ ಮೂಲ ಕೇಳಿದ, ಕಳುಹಿಸಿದೆ, ಪರಿಶೀಲಿಸಿ ಸರಿಯಿದೆ ಎಂದ. ಹೊಸನಗರದ ಭಾವ ತನ್ನ ತಾಯಿಯ ಶಾಲೆಯ ಹಳೆಯ ಫೋಟೊ ಯಾರ ಬಳಿಯಾದರೂ ಇದೆಯೇ ಎಂದು ಕೇಳಿದ.

ಆಮೇಲೆ ಪುಟ್ಟಿ ಬರೆದಳು, ಚಿಕ್ಕಮ್ಮನ ಫೋನಿನಿಂದ. ಈ ಎರಡು ದಿನದಲ್ಲಿ ಓಟದ ಬಗ್ಗೆಯೇ ತಿಳಿದುಕೊಳ್ಳಬೇಕೆಂದು ಯಾರಾದರೂ ಕೇಳಿದ ಪ್ರಶ್ನೆ ಇದೊಂದೇ.

ಪುಟ್ಟಿ: ನಾಲ್ಕನೆಯವರಾಗಿ ಬಂದ ಟೆಸ್ಟೋನಿ ಆಮೇಲೆ ಓಟ ಬಿಟ್ಟರಾ?

ನಾನು: ಇಲ್ಲ. 1938ರಲ್ಲಿ ವಿಯೆನ್ನಾದಲ್ಲಿ ಯುರೋಪಿಯನ್ ಚಾಂಪಿಯನ್ ಆದರು. ಮರುವರ್ಷ 11.3ರಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಆಮೇಲೆ ಯುದ್ಧ ಬಂತು. 1940ರ ಒಲಿಂಪಿಕ್ಸ್ ನಡೆಯಲಿಲ್ಲ, 1944ರದ್ದೂ ನಡೆಯಲಿಲ್ಲ.

ಪುಟ್ಟಿ: ಹಾಗಾದರೆ ಬರ್ಲಿನ್‌ನಲ್ಲಿ ವಲ್ಲಾ ಗೆದ್ದ ಓಟಕ್ಕಿಂತಲೂ ಅವರು ವೇಗವಾಗಿ ಓಡಿದ್ದಾರೆ.

ನಾನು: ಹೌದು.

ಅತ್ತೆ: ಪುಟ್ಟಿ, ಶಿವಮೊಗ್ಗಕ್ಕೆ ಯಾವ ಬಸ್ಸಿಗೆ ಹೊರಡುತ್ತೀರಿ? ನಾನು ಹೊಸನಗರದಿಂದ ಬಂದು ಸೇರಿಕೊಳ್ಳುತ್ತೇನೆ.